‘ಕೇಸು ಮುಗೀತು’ ಅಂದವರ ಹತ್ತಿರ ಕಾಗದ ಕೇಳಿ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಹುಡುಗ ಹುಡುಗಿಯರಿಗೆ, ಅವರ ಅಪ್ಪ ಅಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ಬೈಕ್ ಅಪಘಾತ, ಜಾತ್ರೆಯಲ್ಲಿ ಆದ ಹೊಡೆದಾಟ, ಗೋವಾದಿಂದ ತಂದ ಬಾಟಲಿ, ಇಂಥ ಸಣ್ಣ ಕೇಸು ಬಿದ್ದ ಕೂಡಲೇ ‘ನಾ ನೋಡ್ಕೊಳ್ತೆ’ ಎಂದು ಮುಂದೆ ಬರುವ ಜನ ಇದ್ದಾರೆ. ಅವರು ವಕೀಲರಲ್ಲ, ಪೊಲೀಸರಲ್ಲ, ಕೋರ್ಟಿನ ನೌಕರರೂ ಅಲ್ಲ. ಅಂಥ ಒಬ್ಬರಿಂದ ನನ್ನ ತಮ್ಮ ಕೈಗೆ ಬಂದ ಕೆಲಸ ಕಳೆದುಕೊಂಡ. ಚಿಕ್ಕಪ್ಪನ ಮನೆಗೆ ಕೋರ್ಟಿನ ನೋಟಿಸು ಬಂತು.

ನಾವು ಶಿರಸಿ ಕಡೆಯವರು. ತಮ್ಮ ಘಟ್ಟದ ಕೆಳಗೆ ಗೆಳೆಯನ ಮನೆಗೆ ಹೋಗಿದ್ದ. ಜೋರು ಮಳೆ. ಹೆದ್ದಾರಿ 66ರಲ್ಲಿ ಅವನ ಬೈಕು ಮುಂದಿದ್ದ ಸ್ಕೂಟರಿಗೆ ತಾಗಿತು. ಸ್ಕೂಟರಿನವರಿಗೆ ಮೊಣಕೈ ತರಚಿತು, ಕಾಲು ಉಳುಕಿತು. ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವನು ತಮ್ಮನೇ. ಆಸ್ಪತ್ರೆಯಿಂದ ಠಾಣೆಗೆ ಸುದ್ದಿ ಹೋಯಿತು, ಎಫ್‌ಐಆರ್ ಆಯಿತು. ಹಾಕಿದ್ದು ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125(ಎ). 2024ರ ಜುಲೈ 1ಕ್ಕಿಂತ ಮೊದಲು ಇವೇ ಐಪಿಸಿಯ 279 ಮತ್ತು 337 ಆಗಿದ್ದವು. ಒಂದು, ಅಪಾಯ ಆಗುವ ಹಾಗೆ ಗಾಡಿ ಓಡಿಸಿದ್ದಕ್ಕೆ. ಇನ್ನೊಂದು, ಅದರಿಂದ ಗಾಯ ಆಗಿದ್ದಕ್ಕೆ. ಎರಡರಲ್ಲೂ ಜಾಮೀನು ಅನ್ನೋದು ಹಕ್ಕು, ಯಾರ ಕೃಪೆಯೂ ಅಲ್ಲ.

ಚಾರ್ಜ್‌ಶೀಟ್ ಆದ ಮೇಲೆ ಕೋರ್ಟಿಗೆ ಹಾಜರಾಗಬೇಕಾಯಿತು. ಚಿಕ್ಕಪ್ಪ ಪಹಣಿ ಕೊಟ್ಟು ಜಾಮೀನು ನಿಂತರು. ಆ ವ್ಯಕ್ತಿ ಸಿಕ್ಕಿದ್ದು ಅವತ್ತೇ, ಕೋರ್ಟಿನ ಗೇಟಿನ ಹೊರಗೆ. ವಕೀಲರನ್ನು ಗೊತ್ತು ಮಾಡಿಕೊಟ್ಟವರೂ ಅವರೇ. “ತಮಾ, ತಲೆಬಿಸಿ ಮಾಡ್ಕೊಳ್ಬೇಡ. ಪ್ರತಿ ತಾರೀಖಿಗೆ ಘಟ್ಟ ಇಳಿದು ಯಾಕೆ ಬರ್ತೆ? ಪಾರ್ಟಿ ಹತ್ರ ರಾಜಿ ಮಾಡಿಸ್ತೆ, ಕೇಸು ಅಲ್ಲಿಗೇ ಮುಗೀತು” ಎಂದರು. ಅಪ್ಪ ಅಡಿಕೆ ಮಾರಿದ ದುಡ್ಡು ಕೊಟ್ಟರು. ಛಾಪಾ ಕಾಗದದ ಮೇಲೆ ರಾಜಿ ಪತ್ರ ಆಯಿತು. ಗಾಯಗೊಂಡವರು ಒಳ್ಳೆಯ ಜನ, ಖುಷಿಯಿಂದಲೇ ಸಹಿ ಹಾಕಿದರು. ಕೆಲವು ದಿನ ಬಿಟ್ಟು ಫೋನ್ ಬಂತು, ‘ಕೇಸು ಮುಗೀತು, ಇನ್ನು ಬರೋದು ಬೇಡ’ ಎಂದು.

ಕೇಸು ಮುಗಿದಿರಲಿಲ್ಲ. ಆ ರಾಜಿ ಪತ್ರ ಕೋರ್ಟಿನ ಮೆಟ್ಟಿಲನ್ನೇ ಹತ್ತಿರಲಿಲ್ಲ. ವಕೀಲರ ಫೈಲಿನಲ್ಲಿ ತಮ್ಮನ ಹೆಸರಿನ ಮುಂದೆ ಬರೆದಿದ್ದ ಫೋನ್ ನಂಬರ್ ಆ ವ್ಯಕ್ತಿಯದು! ವಕೀಲರು ತಾರೀಖು ತಿಳಿಸಿದಾಗಲೆಲ್ಲ ಆ ಮನುಷ್ಯ ‘ಹೇಳ್ತೆ’ ಎಂದು ಸುಮ್ಮನಾಗಿದ್ದರು. ತಮ್ಮ ಹಾಜರಾಗಲಿಲ್ಲ, ಜಾಮೀನುರಹಿತ ವಾರಂಟ್ ಹೊರಟಿತು. ಇದ್ಯಾವುದೂ ಮನೆಗೆ ಗೊತ್ತಿಲ್ಲ. ಅಷ್ಟು ಹೊತ್ತಿಗೆ ತಮ್ಮನಿಗೆ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆದಾರರೊಬ್ಬರ ಹತ್ತಿರ ಕೆಲಸ ಸಿಕ್ಕಿತ್ತು. ಕೈಗಾ ಇರಲಿ, ಕಾರವಾರದ ನೌಕಾನೆಲೆ ಇರಲಿ, ಒಳಗೆ ಹೋಗಲು ಪೊಲೀಸ್ ಪರಿಶೀಲನೆ ಆಗಬೇಕು. ಠಾಣೆಗೆ ಹೋದಾಗ ಹೇಳಿದರು, ನಿನ್ನ ಮೇಲೆ ವಾರಂಟ್ ಇದೆ ಎಂದು.

ಅವನ ಮುಖ ನಾನು ನೋಡಿದ್ದೇನೆ. ಯಾವ ಮನೆಯಲ್ಲೂ ಹೀಗಾಗಬಾರದು.

ಚಿಕ್ಕಪ್ಪನಿಗೆ ಬಂದ ನೋಟಿಸಿನ ಅರ್ಥ ಬೇರೆಯೇ ಇತ್ತು. ಜಾಮೀನು ನಿಂತವರು ಆರೋಪಿ ತಪ್ಪದೆ ಬರುತ್ತಾನೆ ಎಂದು ಮುಚ್ಚಳಿಕೆ ಬರೆದುಕೊಟ್ಟಿರುತ್ತಾರೆ. ಆರೋಪಿ ಬರದಿದ್ದರೆ ಮುಚ್ಚಳಿಕೆಯಲ್ಲಿ ಬರೆದ ಹಣವನ್ನು ನೀವು ಯಾಕೆ ಕಟ್ಟಬಾರದು ಎಂದು ಕೋರ್ಟು ಕೇಳುತ್ತದೆ. ಪ್ರೀತಿಗೆ ಪಹಣಿ ಕೊಟ್ಟ ಹಿರಿಯರು ಇಳಿವಯಸ್ಸಿನಲ್ಲಿ ಕಟಕಟೆ ಹತ್ತಿರ ನಿಂತು ವಿವರಣೆ ಕೊಡಬೇಕಾಯಿತು. ನಮಗೆ ದುಡ್ಡು ಹೋದದ್ದಕ್ಕಿಂತ ಜಾಸ್ತಿ ನೋವಾಗಿದ್ದು ಇದಕ್ಕೆ.

ರಾಜಿ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಜಾಸ್ತಿ ಜನ ಮೋಸ ಹೋಗುವುದು ಇಲ್ಲೇ. ಗಾಯ ಮಾಡಿದ ಕಲಂ, ಅಂದರೆ 125(ಎ), ಗಾಯಗೊಂಡವರ ಒಪ್ಪಿಗೆಯಿಂದ ರಾಜಿ ಆಗಬಹುದು. ಆದರೆ ಅದು ಕೋರ್ಟಿನ ಮುಂದೆ ಆಗಬೇಕು. ಮನೆಯಲ್ಲಿ ಬರೆದ ಕಾಗದಕ್ಕೆ ಕೇಸು ನಿಲ್ಲುವುದಿಲ್ಲ. 281 ಮಾತ್ರ ರಾಜಿ ಆಗುವ ಕಲಂ ಅಲ್ಲವೇ ಅಲ್ಲ. ಅದು ರಸ್ತೆಯಲ್ಲಿ ಹೋಗುವ ಎಲ್ಲರ ಸುರಕ್ಷತೆಗೆ ಸಂಬಂಧಪಟ್ಟದ್ದು, ಕೇಸು ನಡೆಸುವುದು ಸರ್ಕಾರ. ಸ್ಕೂಟರಿನವರು ನೂರು ಸಲ ಕ್ಷಮಿಸಿದರೂ ಆ ಭಾಗ ಉಳಿಯುತ್ತದೆ. ಅದನ್ನು ರದ್ದು ಮಾಡಿ ಎಂದು ಕೇಳಲು ಹೈಕೋರ್ಟಿಗೇ ಹೋಗಬೇಕು, ನಮ್ಮ ಜಿಲ್ಲೆಗೆ ಅದು ಧಾರವಾಡ ಪೀಠ. ‘ಎಲ್ಲ ರಾಜಿ ಆಯ್ತು’ ಎಂದು ಯಾರಾದರೂ ಹೇಳಿದರೆ ಯಾವ ಕಲಂ, ಯಾವ ತಾರೀಖಿನ ಆದೇಶ, ಅದರ ನಕಲು ಎಲ್ಲಿ ಎಂದು ಕೇಳಿ. ಕೇಸು ನಿಜವಾಗಿ ಮುಗಿದಿದ್ದರೆ ಕೋರ್ಟಿನ ಆದೇಶ ಇದ್ದೇ ಇರುತ್ತದೆ.

ಇನ್ನೊಂದು ಮಾತು ನಮ್ಮ ಊರುಗಳಲ್ಲಿ ಸಲೀಸಾಗಿ ಓಡಾಡುತ್ತದೆ, ‘ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡು, ಸಾವಿರ ರೂಪಾಯಿ ಅಲ್ವಾ’ ಎಂದು. 281ಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ₹1,000ವರೆಗೆ ದಂಡ, ಇಲ್ಲವೇ ಎರಡೂ ಇರಬಹುದು. ದಂಡ ಸಣ್ಣದು, ನಿಜ. ಆದರೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಕಟ್ಟಿದ ದಂಡ ಎಂದರೆ ಅಪರಾಧ ಸಾಬೀತಾದ ಲೆಕ್ಕ. ಸರ್ಕಾರಿ ಕೆಲಸದ ಅರ್ಜಿಯಲ್ಲಿ ‘ಅಪರಾಧ ಸಾಬೀತಾಗಿದೆಯೇ’ ಎಂಬ ಪ್ರಶ್ನೆಗೆ ‘ಹೌದು’ ಎಂದೇ ಬರೆಯಬೇಕಾಗುತ್ತದೆ. ಒಪ್ಪಿಕೊಳ್ಳುವ ಮೊದಲು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ ಬಗ್ಗೆ ವಕೀಲರನ್ನು ಕೇಳಿ. ಸಣ್ಣ ಅಪರಾಧಗಳಲ್ಲಿ ಎಚ್ಚರಿಕೆ ಕೊಟ್ಟು ಬಿಡುವ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವ ದಾರಿ ಅದರಲ್ಲಿದೆ. ಹಾಗೆ ಬಿಟ್ಟವರಿಗೆ ಆ ಶಿಕ್ಷೆಯಿಂದ ಅನರ್ಹತೆ ಅಂಟಬಾರದು ಎಂದು ಅದರ 12ನೇ ಕಲಂ ಹೇಳುತ್ತದೆ. ಇಪ್ಪತ್ತೊಂದರ ಒಳಗಿನವರನ್ನು ಜೈಲಿಗೆ ಕಳಿಸದಂತೆ ವಿಶೇಷ ರಕ್ಷಣೆಯೂ ಇದೆ.

ಈಗ ಮೊದಲ ದಿನದ ವಿಷಯ. ಠಾಣೆಯಿಂದ ಕರೆ ಬಂದರೆ ಓಡಬೇಡಿ, ಫೋನ್ ಆಫ್ ಮಾಡಬೇಡಿ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಸುಮ್ನೆ ಬಂಧಿಸಬಾರದು ಎಂದು ಸುಪ್ರೀಂ ಕೋರ್ಟು 2014ರಲ್ಲೇ ಹೇಳಿದೆ. ಇಂಥ ಕೇಸುಗಳಲ್ಲಿ ಹಾಜರಾಗಲು ಲಿಖಿತ ನೋಟಿಸು ಕೊಡುತ್ತಾರೆ. ಅದನ್ನು ಇಟ್ಟುಕೊಳ್ಳಿ, ಹೇಳಿದ ದಿನ ಹೋಗಿ, ಮನೆಯವರೊಬ್ಬರು ಜೊತೆಗಿರಲಿ. ಬಂಧಿಸಿದರೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಮಾಡಬೇಕು. ಖಾಲಿ ಹಾಳೆಗೆ ಯಾರು ಹೇಳಿದರೂ ಸಹಿ ಬೇಡ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಸಾಕ್ಷಿ ಹೇಳಿಕೆಗೆ ಹೇಳಿದವರ ಸಹಿ ಹಾಕಿಸುವಂತೆಯೇ ಇಲ್ಲ.

ಎಫ್‌ಐಆರ್ ನಕಲು ತೆಗೆದುಕೊಳ್ಳಿ. ಕೇಸು ಕೋರ್ಟಿಗೆ ಹೋದ ಮೇಲೆ ಅದಕ್ಕೆ ಹದಿನಾರು ಅಕ್ಷರ, ಅಂಕಿಗಳ ಸಿಎನ್ಆರ್ ನಂಬರ್ ಬರುತ್ತದೆ. ‘ಇ-ಕೋರ್ಟ್ಸ್’ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಖು, ಹಿಂದೆ ಏನಾಯಿತು ಎಲ್ಲ ಕಾಣುತ್ತದೆ. ಹೆಸರು ಹಾಕಿಯೂ ಹುಡುಕಬಹುದು. ವಕಾಲತ್ತಿಗೆ ಸಹಿ ಹಾಕುವಾಗ ನಿಮ್ಮದೇ ನಂಬರ್ ಕೊಡಿ, ವಕೀಲರ ಹತ್ತಿರ ನೀವೇ ಮಾತಾಡಿ. ನಡುವೆ ಯಾರೂ ಬೇಡ.

ಕಾರವಾರ, ಅಂಕೋಲಾ ಕಡೆಯ ಹುಡುಗರೇ, ಮಾಜಾಳಿ ಚೆಕ್‌ಪೋಸ್ಟ್ ದಾಟುವಾಗ ನೆನಪಿರಲಿ. ಗೋವಾದಲ್ಲಿ ಮಾತ್ರ ಮಾರಾಟಕ್ಕೆ ಎಂದು ಬರೆದ ಬಾಟಲಿಯನ್ನು ಪರವಾನಗಿ ಇಲ್ಲದೆ ತಂದರೆ ಅಬಕಾರಿ ಕೇಸು. ಗಾಡಿಯೂ ಜಪ್ತಿಯಾಗಬಹುದು. ಗೆಳೆಯನ ಬ್ಯಾಗು ಎಂದು ಸುಮ್ನೆ ಹೆಗಲಿಗೆ ಹಾಕಿಕೊಳ್ಳಬೇಡಿ. ಅಲ್ಲೂ ‘ಮುಗಿಸಿಕೊಡ್ತೆ’ ಎನ್ನುವವರು ಸಿಗುತ್ತಾರೆ.

ನಮಗೆ ದಾರಿ ತೋರಿಸಿದ್ದು ತಾಲೂಕು ಕಾನೂನು ಸೇವಾ ಸಮಿತಿ. ಕಾರವಾರದಲ್ಲಿ ಜಿಲ್ಲಾ ಪ್ರಾಧಿಕಾರ ಇದೆ. ಫೋನಿನಲ್ಲಿ ಕೇಳಬೇಕೆಂದರೆ 15100. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಕಡಿಮೆ ಆದಾಯದವರು, ಇವರಿಗೆಲ್ಲ ವಕೀಲರನ್ನೂ ಉಚಿತವಾಗಿ ಕೊಡುತ್ತಾರೆ. ನಾವು ಬೇರೆ ವಕೀಲರನ್ನು ಇಟ್ಟುಕೊಂಡು, ತಮ್ಮನೇ ಕೋರ್ಟಿಗೆ ಹೋಗಿ ನಿಂತು, ವಾರಂಟ್ ಹಿಂಪಡೆಯಲು ಅರ್ಜಿ ಹಾಕಿಸಿದೆವು. ದಂಡ ಹಾಕಿ ಒಪ್ಪಿದರು. ವಾರಂಟ್ ಇದೆ ಎಂದು ಗೊತ್ತಾದರೆ ಅಡಗಿ ಕೂರುವುದಕ್ಕಿಂತ ಹೀಗೆ ತಾವಾಗಿಯೇ ಹೋಗುವುದು ಒಳ್ಳೆಯದು.

ಕೈಗಾದ ಆ ಕೆಲಸಕ್ಕೆ ಗುತ್ತಿಗೆದಾರರು ಬೇರೆಯವರನ್ನು ತೆಗೆದುಕೊಂಡರು. ಕೇಸು ಈಗ ಸಾಕ್ಷಿ ಹಂತದಲ್ಲಿದೆ. ಹಡಗಿಗೆ, ಗಲ್ಫಿಗೆ ಹೋಗಬೇಕೆನ್ನುವವರು ಗಮನಿಸಿ, ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಆಗ ಅದೇ ಕೋರ್ಟಿನ ಅನುಮತಿ ಆದೇಶ ತಂದು ಅರ್ಜಿಗೆ ಲಗತ್ತಿಸಬೇಕು. ಕೇಸು ಮುಚ್ಚಿಡುವುದು ಮಾತ್ರ ಬೇಡ. ಎಷ್ಟೋ ಕಡೆ ಕೆಲಸ ಹೋಗುವುದು ಕೇಸಿಗಲ್ಲ, ಅದನ್ನು ಮುಚ್ಚಿಟ್ಟಿದ್ದಕ್ಕೆ. ತಮ್ಮ ಈಗ ಇನ್ನೊಂದು ಕೆಲಸಕ್ಕೆ ಅರ್ಜಿ ಹಾಕಿದ್ದಾನೆ. ಕೇಸಿನ ನಂಬರು, ಕಲಂ, ಮುಂದಿನ ತಾರೀಖು ಎಲ್ಲ ಬರೆದೇ ಕೊಟ್ಟಿದ್ದಾನೆ.