ಪಾಸ್ಖ ಮೇಣದಬತ್ತಿ: ಕೊಂಡು ಬಳಸಿದವರ ಅಭಿಪ್ರಾಯ

2025ರ ಪಾಸ್ಖ ಜಾಗರಣೆಗೆಂದು, ಅಂದರೆ ಈಸ್ಟರ್ ಹಬ್ಬದ ಹಿಂದಿನ ರಾತ್ರಿಯ ಆರಾಧನೆಗೆಂದು, ರಾಯಚೂರು ಸೀಮೆಯ ನಮ್ಮ ಧರ್ಮಕೇಂದ್ರವು (ಕಥೋಲಿಕ ಚರ್ಚು) ಬೆಂಗಳೂರಿನ ಪೂಜಾಸಾಮಗ್ರಿ ಅಂಗಡಿಯೊಂದರಿಂದ ಮೂರಡಿ ಎತ್ತರದ, ಜೇನುಮೇಣ ಬೆರೆಸಿದ ಮೇಣದಬತ್ತಿಯನ್ನು ತರಿಸಿಕೊಂಡಿತು. ಅದಕ್ಕೂ ಮೊದಲು ನಮ್ಮಲ್ಲಿ ಇದ್ದದ್ದು ಬಿಳಿ ಪ್ಲಾಸ್ಟಿಕ್ ಕೊಳವೆಯೊಳಗೆ ದ್ರವ ಪ್ಯಾರಫಿನ್ ಉರಿಯುವ ಬತ್ತಿ. ಎಣ್ಣೆ ಮುಗಿದರೆ ಸುರಿದರಾಯಿತು, ವರ್ಷ ಬದಲಾದರೆ ಸ್ಟಿಕ್ಕರ್ ಬದಲಿಸಿದರಾಯಿತು. ಖರ್ಚಿನ ಲೆಕ್ಕದಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಪಾಸ್ಖ ಬತ್ತಿಯು ಮೇಣದ್ದೇ ಆಗಿರಬೇಕು, ಪ್ರತಿವರ್ಷ ಹೊಸದಾಗಿರಬೇಕು, ಒಂದೇ ಇರಬೇಕು, ಕ್ರಿಸ್ತರು ಲೋಕದ ಬೆಳಕೆಂಬುದನ್ನು ಮನಸ್ಸಿಗೆ ತರುವಷ್ಟು ದೊಡ್ಡದಿರಬೇಕು ಎಂದು ವ್ಯಾಟಿಕನ್ 1988ರ ಸುತ್ತೋಲೆಯಲ್ಲಿ ಹೇಳಿದೆ. ಶಿಲುಬೆಯ ಮೇಲೆ ತಮ್ಮನ್ನೇ ತೆತ್ತು ಕೇಡನ್ನೂ ಮರಣವನ್ನೂ ಗೆದ್ದವರ ಗುರುತಾಗಿ ನಿಲ್ಲುವ ವಸ್ತು ತಾನೂ ಉರಿದು ಸವೆಯಬೇಕಲ್ಲವೇ? ಎಂದೂ ಸವೆಯದ ಕೊಳವೆಗೆ ಆ ಯೋಗ್ಯತೆ ಇಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಬತ್ತಿಯ ಮೇಲಿನ ಕೆಲಸ ಅಚ್ಚುಕಟ್ಟಾಗಿದೆ. ಕೆಂಪು ಮೇಣದ ಶಿಲುಬೆ, ಅದರ ಮೇಲೆ ಗ್ರೀಕ್ ಅಕ್ಷರಮಾಲೆಯ ಮೊದಲಕ್ಷರ ಆಲ್ಫಾ, ಕೆಳಗೆ ಕೊನೆಯಕ್ಷರ ಒಮೇಗಾ, ನಾಲ್ಕು ಮೂಲೆಗಳಲ್ಲಿ ವರ್ಷದ ನಾಲ್ಕು ಅಂಕಿಗಳು. ಎಲ್ಲವನ್ನೂ ಉಬ್ಬುಚಿತ್ರವಾಗಿ ಕೂರಿಸಿದ್ದಾರೆ, ಬೆರಳಾಡಿಸಿದರೆ ಅಂಚು ಏಳುವುದಿಲ್ಲ. ಎಡವಿರುವುದು ಧೂಪದ ಕಾಳುಗಳ ವಿಷಯದಲ್ಲಿ. ಕ್ರಿಸ್ತರ ಐದು ಗಾಯಗಳ ಗುರುತಾಗಿ ಚುಚ್ಚಬೇಕಾದ ಐದು ಕಾಳುಗಳಿಗೆ ಕೊರೆದಿದ್ದ ತೂತುಗಳಲ್ಲಿ ಒಂದು ತೀರ ಕಿರಿದಾಗಿದ್ದು, ಅಂಗಳದಲ್ಲಿ ಹೊಸ ಬೆಂಕಿಯ ಮುಂದೆ ಜನರೆಲ್ಲ ನೋಡುತ್ತ ನಿಂತಿರುವಾಗ ಗುರುಗಳು ಹೆಬ್ಬೆರಳಿನಿಂದ ಒತ್ತಿ ಒತ್ತಿ ನಾಲ್ಕನೆಯ ಕಾಳನ್ನು ಒಳಸೇರಿಸಬೇಕಾಯಿತು. ಪುನರುತ್ಥಾನರಾದ ಪ್ರಭು ಸಂದೇಹಪಟ್ಟ ಶಿಷ್ಯ ತೋಮನಿಗೆ ತೋರಿಸಿದ್ದು ಮಾಯದ ಗಾಯಗಳನ್ನೇ. ಜಯಶಾಲಿಯ ಮೈಮೇಲೂ ಅವು ಉಳಿದಿದ್ದವು. ಆದ್ದರಿಂದ ಈ ಭಾಗವನ್ನು ಬರಿಯ ಅಲಂಕಾರವೆಂದು ತಯಾರಕರು ಎಣಿಸಬಾರದು.

ಉರಿಯುವ ಗುಣದಲ್ಲಿ ಮಾತ್ರ ದೂರಲು ಏನೂ ಇಲ್ಲ. ಗಾಳಿ ಬೀಸುತ್ತಿದ್ದರೂ ದಪ್ಪನೆಯ ಹತ್ತಿಯ ಬತ್ತಿ ಬೇಗ ಹೊತ್ತಿಕೊಂಡಿತು. ದೀಪಗಳನ್ನೆಲ್ಲ ಆರಿಸಿದ್ದ ದೇವಾಲಯದೊಳಗೆ ಮೆರವಣಿಗೆ ಮೂರು ಕಡೆ ನಿಂತು ಸಾಗಿದಾಗಲೂ ಜ್ವಾಲೆ ಕುಗ್ಗಲಿಲ್ಲ, ಹೊಗೆಯೂ ಏಳಲಿಲ್ಲ. ಅದರಿಂದ ಹಚ್ಚಿಕೊಂಡ ಪುಟ್ಟ ಬತ್ತಿಗಳು ಸಾಲಿನಿಂದ ಸಾಲಿಗೆ ಹರಡುತ್ತಿದ್ದಂತೆ, ಕತ್ತಲೆಯು ಆ ಬೆಳಕನ್ನು ಮುಸುಕಲಿಲ್ಲವೆಂಬ, ಯೋವಾನ್ನನ ಶುಭಸಂದೇಶದ ಮಾತಿಗೆ ಬೇರೆ ವ್ಯಾಖ್ಯಾನ ಬೇಕೆನಿಸಲಿಲ್ಲ. ಆ ರಾತ್ರಿ ಬತ್ತಿಯ ಮುಂದೆ ಹಾಡುವ ಸ್ತುತಿಗೀತೆಯಾದ ಪಾಸ್ಖ ಘೋಷಣೆಯು ಹಂಚಿದರೂ ಕುಂದದ ಈ ಜ್ವಾಲೆಯನ್ನೂ ಮೇಣ ಕೊಟ್ಟ ಜೇನುಹುಳುಗಳನ್ನೂ ಕೊಂಡಾಡುತ್ತದೆ; ಪ್ಯಾರಫಿನ್ ಎಣ್ಣೆಯ ಮುಂದೆ ನಿಂತು ಅದನ್ನು ಹಾಡುವಾಗ ನನಗೆ ಸದಾ ಇರುಸುಮುರುಸಾಗುತ್ತಿತ್ತು.

ಏಪ್ರಿಲ್ 20ರಂದು ಪಾಸ್ಖ ಹಬ್ಬ ಮುಗಿದ ಮರುದಿನವೇ ಪೋಪ್ ಫ್ರಾನ್ಸಿಸರು ನಿಧನರಾದರು. ಆ ವರ್ಷವನ್ನು ಭರವಸೆಯ ಜೂಬಿಲಿ ವರ್ಷವೆಂದು (ವಿಶೇಷ ಪವಿತ್ರ ವರ್ಷವೆಂದು) ಸಾರಿದವರು ಅವರೇ. ಅವರ ಆತ್ಮಶಾಂತಿಗಾಗಿ ಅರ್ಪಿಸಿದ ಬಲಿಪೂಜೆಯಲ್ಲಿ ಇದೇ ಬತ್ತಿ ಉರಿಯುತ್ತಿತ್ತು, ಹಬ್ಬದ ಹೂವುಗಳು ಅದರ ಬುಡದಲ್ಲಿ ಇನ್ನೂ ಬಾಡಿರಲಿಲ್ಲ. ದೀಕ್ಷಾಸ್ನಾನಕ್ಕೂ ಶವಸಂಸ್ಕಾರಕ್ಕೂ ಒಂದೇ ಬತ್ತಿಯನ್ನು ಹಚ್ಚುವುದು ಧರ್ಮಸಭೆಯ ರೂಢಿ. "ಮರಣವೇ, ನಿನ್ನ ಜಯವೆಲ್ಲಿ?" ಎಂದು ಸಂತ ಪೌಲರು ಕೇಳಿದ ಪ್ರಶ್ನೆಯನ್ನು ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತು ಕೇಳುವ ಧೈರ್ಯ ಬರುವುದು ಈ ಬೆಳಕಿನ ನಂಬಿಕೆಯಿಂದಲೇ.

ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಬತ್ತಿ ತುಸು ಬಾಗಿತು. ಹಬ್ಬಕ್ಕೆ ಮುಂಚೆ ನಿಲ್ಲಿಸಿಡದೆ, ಬಟ್ಟೆ ಹಾಸಿದ ಹಲಗೆಯ ಮೇಲೆ ತಂಪಾದ ಕೋಣೆಯಲ್ಲಿ ಮಲಗಿಸಿಡುವುದು ಒಳ್ಳೆಯದು. ಬುಡವೂ ನಮ್ಮ ಹಿತ್ತಾಳೆ ಕಂಬಕ್ಕೆ ದಪ್ಪವಾಗಿ, ಚಾಕುವಿನಿಂದ ಹೆರೆಯಬೇಕಾಯಿತು. ಕೊಳ್ಳುವವರು ಅಳತೆಯನ್ನು ಮೊದಲೇ ಕಳಿಸಲಿ. ಬೆಲೆ ಕೊಳವೆಬತ್ತಿಯ ಎಣ್ಣೆಗಿಂತ ಎಷ್ಟೋ ಪಟ್ಟು ಹೆಚ್ಚಾದರೂ, ಪಾಸ್ಖ ಕಾಲ ಮುಗಿಯುವ ಜೂನ್ 8ರ ಪೆಂತೆಕೋಸ್ತ್ ಹಬ್ಬದ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮೇಣ ಉಳಿದಿತ್ತು, ವರ್ಷದ ಉಳಿದ ಸಂಸ್ಕಾರಗಳಿಗೆ ಅದು ಸಾಕು. 2026ರ ಬತ್ತಿಯನ್ನೂ ಅದೇ ಅಂಗಡಿಯಿಂದ ತರಿಸುವುದೆಂದು ತೀರ್ಮಾನಿಸಿ, ಐದೂ ತೂತುಗಳನ್ನು ಒಂದೇ ಅಳತೆಗೆ ಕೊರೆದು ಕಳಿಸಬೇಕೆಂದು ಆರ್ಡರ್‌ನಲ್ಲೇ ಬರೆದಿದ್ದೇವೆ.