ಕೈ ಫ್ರೆಟ್ ಸಾ, ಪಿನ್ ಬ್ಲೇಡಿನ ಸ್ಕ್ರೋಲ್ ಸಾ, ಪಿನ್ ಇಲ್ಲದ್ದು: ಒಂದೇ ಮನೆ ಹೆಸರು ಮೂರರಲ್ಲೂ ಕೊಯ್ದಾಗ

ಸ್ಕ್ರೋಲ್ ಸಾ, ಅಂದರೆ ಸಣ್ಣ ಬ್ಲೇಡು ಮೇಲೆ ಕೆಳಗೆ ಓಡಿ ಸುರುಳಿ ಗೆರೆ ಕೊಯ್ಯುವ ಮೇಜಿನ ಯಂತ್ರ, ಕೊಳ್ಳಲು ಹೊರಟವರು ಮೊದಲು ಬೆಲೆ ನೋಡುತ್ತಾರೆ, ಆಮೇಲೆ ಮೋಟಾರು ಎಷ್ಟು ವ್ಯಾಟಿನದು ಅಂತ, ಆಮೇಲೆ ಬ್ಲೇಡಿನಿಂದ ಹಿಂದಿನ ಕಂಬದವರೆಗಿನ ಜಾಗ 16 ಇಂಚೋ 20 ಇಂಚೋ ಅಂತ. ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ್ದು ಒಂದಿದೆ: ತುದಿಯಲ್ಲಿ ಅಡ್ಡ ಪಿನ್ ಇರುವ ಬ್ಲೇಡನ್ನು ಮಾತ್ರ ಹಿಡಿಯುತ್ತದೋ, ಪಿನ್ ಇಲ್ಲದ ಸಪಾಟು ಬ್ಲೇಡನ್ನೂ ಹಿಡಿಯುತ್ತದೋ? ಗರಗಸ ಕೈಯಲ್ಲಿ ಉಳಿಯುತ್ತದೋ ಅಟ್ಟ ಸೇರುತ್ತದೋ ಎಂಬುದು ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗುತ್ತದೆ.

ಹೋಲಿಕೆಗೆ ಇಟ್ಟುಕೊಂಡ ಕೆಲಸ ಇದು: 6 ಮಿ.ಮೀ. ಪ್ಲೈವುಡ್ಡಿನಲ್ಲಿ ‘ಅಂಗಳ’ ಎಂಬ ಮನೆ ಹೆಸರು, ಅಕ್ಷರದ ಎತ್ತರ 60 ಮಿ.ಮೀ. ಕನ್ನಡ ಅಕ್ಷರ ಗರಗಸಕ್ಕೆ ಕಠಿಣ ಪರೀಕ್ಷೆ. ನೇರ ಗೆರೆ ಸಿಗುವುದೇ ಕಷ್ಟ, ಎಲ್ಲ ಸುರುಳಿ, ಸಾಲದ್ದಕ್ಕೆ ಒಳಗೆ ಮುಚ್ಚಿಕೊಂಡ ಕಣ್ಣುಗಳು. ದಪ್ಪ ಅಕ್ಷರವಾದರೆ ಈ ಅಳತೆಯಲ್ಲಿ ಸೊನ್ನೆಯ ಒಳತೂತು 8 ಮಿ.ಮೀ. ಆಸುಪಾಸು, ‘ಅ’ ಮತ್ತು ‘ಳ’ದ ಮಡಿಕೆಗಳ ನಡುವಿನ ಸಂದು ಇನ್ನೂ ಕಿರಿದು. ಮೂರಕ್ಕೂ ಅದೇ ಹಲಗೆ, ಅದೇ ಪ್ರಿಂಟು. ಪ್ರಿಂಟನ್ನು ನೇರ ಮರಕ್ಕೆ ಅಂಟಿಸಬೇಡಿ. ಮೊದಲು ಮರದ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿ, ಅದರ ಮೇಲೆ ಗ್ಲೂ ಸ್ಟಿಕ್ಕಿನಿಂದ ಕಾಗದ ಕೂರಿಸಿ. ಕೆಲಸ ಮುಗಿದ ಮೇಲೆ ಟೇಪಿನ ಸಮೇತ ಒಂದೇ ಎಳೆತಕ್ಕೆ ಬರುತ್ತದೆ, ಉಪ್ಪು ಕಾಗದ ತಿಕ್ಕಿ ಕಾಗದದ ಚೂರು ಕೀಳುವ ಕಾಟ ಇಲ್ಲ.

ಕೈಯಲ್ಲಿ ಹಿಡಿದು ಓಡಿಸುವ ಕರೆಂಟಿನ ಜಿಗ್ ಸಾ ಸಾಲದೇ ಅಂತ ಕೇಳುವವರಿಗೆ: ಸಾಲದು. ಅದರ ಬ್ಲೇಡು ಅಗಲ, ಒಂದೇ ಕಡೆ ಹಿಡಿತ, ಹಲ್ಲು ಮೇಲ್ಮುಖವಾದ್ದರಿಂದ ಪ್ಲೈನ ಮೇಲಿನ ಪದರವೇ ಕಿತ್ತು ಬರುತ್ತದೆ. ಹೊರಗಿನ ಚೌಕ ಕತ್ತರಿಸಿಕೊಳ್ಳಲು ಸರಿ, ಅಷ್ಟೇ.

ಮೊದಲು ಕೈ ಗರಗಸ. ಅಂಗಡಿಯಲ್ಲಿ ಫ್ರೆಟ್ ಸಾ ಕೇಳಿದರೆ ಬಹಳ ಸಲ ಕೋಪಿಂಗ್ ಸಾ ತೆಗೆದುಕೊಡುತ್ತಾರೆ. ಕೋಪಿಂಗ್ ಸಾ ಬ್ಲೇಡು ಆರೂವರೆ ಇಂಚು, ಪಿನ್ ಇರುವಂಥದ್ದು, ಒರಟು. ಫ್ರೆಟ್ ಸಾ ಕಮಾನು ಆಳವಾಗಿರುತ್ತದೆ, ಬ್ಲೇಡು 5 ಇಂಚಿನ ಸಪಾಟು, ಎರಡು ತುದಿಗೂ ರೆಕ್ಕೆ ನಟ್ಟು. ಒಳ್ಳೆಯ ಯಂತ್ರಕ್ಕೆ ಹಾಕುವ ಬ್ಲೇಡೇ ಇದಕ್ಕೂ ಹೊಂದುತ್ತದೆ. ಕೆಲವು ನೂರು ರೂಪಾಯಿಯ ಈ ಕಮಾನಿನಲ್ಲಿ ಏನು ಮಾಡಬಹುದು ಎಂಬ ಅನುಮಾನವಿದ್ದವರು ಮೈಸೂರಿನ ಬೀಟೆ ಮರದ ಇನ್ಲೇ ಕೆಲಸ, ಅಂದರೆ ಮರದೊಳಗೆ ಬೇರೆ ಮರದ ಚೂರು ಕೂರಿಸಿ ಮಾಡುವ ಚಿತ್ರ, ನೋಡಬೇಕು. ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಅಲ್ಲಿ ಕೊಯ್ಯುವುದು ಇಂಥ ಕೈ ಗರಗಸದಲ್ಲೇ.

ಗರಗಸದ ಜೊತೆ ಒಂದು ಹಲಗೆ ಮಾಡಿಕೊಳ್ಳಲೇಬೇಕು: 18 ಮಿ.ಮೀ. ಪ್ಲೈ ತುಂಡು, ಸುಮಾರು 100 ಮಿ.ಮೀ. ಅಗಲ, 250 ಉದ್ದ, ಒಂದು ತುದಿಯಲ್ಲಿ 75 ಮಿ.ಮೀ. ಆಳದ ‘ವಿ’ ಆಕಾರದ ಕಚ್ಚು, ಕಚ್ಚಿನ ಕೊನೆಯಲ್ಲಿ ಒಂದು ದುಂಡು ತೂತು. ಮೇಜಿನಿಂದ ಕಚ್ಚು ಹೊರಚಾಚುವಂತೆ ಜಿ ಕ್ಲ್ಯಾಂಪಿನಿಂದ ಬಿಗಿದು, ಎದೆಯೆತ್ತರಕ್ಕೆ ಸ್ವಲ್ಪ ಕೆಳಗೆ ಇಟ್ಟುಕೊಂಡರೆ ಕೈಗೆ ಹಿತ. ಬ್ಲೇಡಿನ ಹಲ್ಲು ಹಿಡಿಯ ಕಡೆ, ಅಂದರೆ ಕೆಳಮುಖ. ಕೆಳಗೆ ಎಳೆದಾಗ ಮಾತ್ರ ಕೊಯ್ಯಬೇಕು. ಮೇಲೆ ಹೋಗುವಾಗಲೂ ಒತ್ತುವವರ ಬ್ಲೇಡು ನಿಮಿಷಕ್ಕೊಂದು ಮುರಿಯುತ್ತದೆ.

ಫಲಿತಾಂಶ? ಸೊನ್ನೆಯ ಒಳಗೆ 1.5 ಮಿ.ಮೀ. ತೂತು ಕೊರೆದು ಬ್ಲೇಡು ಪೋಣಿಸಿದರೆ ಆರಾಮಾಗಿ ಒಳಸುತ್ತು ಬರುತ್ತದೆ. ‘ಅ’ದ ಚೂಪು ಮೂಲೆ ಚೂಪಾಗಿಯೇ ಉಳಿಯುತ್ತದೆ. ನಿಧಾನ, ನಿಜ: ಒಂದು ಅಕ್ಷರಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ನಿಜವಾದ ಕೊರತೆ ಬೇರೆ. ಮಣಿಕಟ್ಟು ವಾಲಿದರೆ ಕೊಯ್ತವೂ ವಾಲುತ್ತದೆ; ಮೇಲೆ ಅಳತೆ ಸರಿ, ಕೆಳಗೆ ಒಂದು ಮಿ.ಮೀ. ಆಚೆ. 6 ಮಿ.ಮೀ. ಹಲಗೆಯಲ್ಲಿ ಇದನ್ನು ಉಪ್ಪು ಕಾಗದದಲ್ಲಿ ತಿದ್ದಬಹುದು, 18 ಮಿ.ಮೀ. ಮರದಲ್ಲಿ ಆಗುವುದಿಲ್ಲ. ಮಟ್ಟಸವಾಗಿ ಬರಬೇಕಿದ್ದರೆ 10 ಮಿ.ಮೀ. ಒಳಗೇ ಇರಿ.

ಎರಡನೆಯದು, ಪಿನ್ ಬ್ಲೇಡು ಮಾತ್ರ ಹಿಡಿಯುವ ಅಗ್ಗದ ಯಂತ್ರ. ಬ್ಲೇಡು ಹಾಕುವುದು ಇದರಲ್ಲೇ ಸುಲಭ: ಪಿನ್ನನ್ನು ಕೊಕ್ಕೆಗೆ ಸಿಕ್ಕಿಸಿದರೆ ಮುಗಿಯಿತು, ಜಾರುವ ಮಾತಿಲ್ಲ. ಹೊರಗೆರೆ ಬೇಗ ಮುಗಿಯುತ್ತದೆ, ಅಕ್ಷರಕ್ಕೆ ಐದಾರು ನಿಮಿಷ. ಕಷ್ಟ ಶುರುವಾಗುವುದು ಸೊನ್ನೆಯ ಹತ್ತಿರ. ಪಿನ್ ತೂರಬೇಕಾದರೆ 5ರಿಂದ 6 ಮಿ.ಮೀ. ತೂತು ಬೇಕು. 8 ಮಿ.ಮೀ. ಕಣ್ಣಿನೊಳಗೆ 6 ಮಿ.ಮೀ. ಡ್ರಿಲ್ ಬಿಟ್ ಇಳಿಸಿದರೆ ಉಳಿಯುವುದು ಸುತ್ತ ಒಂದೊಂದು ಮಿ.ಮೀ.; ಅಂದಮೇಲೆ ಗರಗಸವೇ ಏಕೆ, ಡ್ರಿಲ್ಲೇ ಸಾಕು. ‘ಳ’ದ ಸಂದಿನೊಳಗಂತೂ ಬಿಟ್ ಅಕ್ಷರದ ಮೈಯನ್ನೇ ತಿನ್ನುತ್ತದೆ. ಜೊತೆಗೆ ಪಿನ್ ಬ್ಲೇಡುಗಳಲ್ಲಿ ನವುರಾದ ಅಳತೆಗಳು ಸಿಗುವುದು ಕಡಿಮೆ, ಅಗಲವಾದ್ದರಿಂದ ತಿರುವಿನಲ್ಲಿ ಸುಡುತ್ತವೆ. ಮಕ್ಕಳ ಜಿಗ್‌ಸಾ ಪಜಲ್, ಪ್ರಾಣಿ ಆಕಾರ, ಒಳತೂತು ಇಲ್ಲದ ಕೆಲಸ, ಇಷ್ಟಕ್ಕಾದರೆ ಈ ಯಂತ್ರ ಸಾಲುತ್ತದೆ. ಜಾಲರಿ ಕೆಲಸದ ಆಸೆಯಿದ್ದರೆ ಬೇಡ. ಕೆಲವಕ್ಕೆ ಸಪಾಟು ಬ್ಲೇಡಿನ ಅಡಾಪ್ಟರ್ ಕೊಡುತ್ತಾರೆ. ಪ್ರತಿ ಸಲ ಅಲೆನ್ ಕೀ (ಆರು ಮೂಲೆಯ ಬಾಗಿದ ಕಡ್ಡಿ) ಹಿಡಿದು ಎರಡು ಸ್ಕ್ರೂ ಸಡಿಲಿಸಬೇಕು. ನಲವತ್ತು ತೂತಿರುವ ಜಾಲರಿಗೆ ಆ ಕೆಲಸ ನಲವತ್ತು ಸಲ.

ಮೂರನೆಯದು, ಸಪಾಟು ಬ್ಲೇಡನ್ನು ಕೈ ತಿರುಪಿನಿಂದಲೇ ಬಿಗಿಯುವ, ವೇಗ ಏರಿಳಿಸಬಹುದಾದ ಯಂತ್ರ. ನಿಮಿಷಕ್ಕೆ 400ರಿಂದ 1600 ಹೊಡೆತದ (ಬ್ಲೇಡು ಒಮ್ಮೆ ಮೇಲೆ ಹೋಗಿ ಕೆಳಗೆ ಬಂದರೆ ಒಂದು ಹೊಡೆತ) ವ್ಯಾಪ್ತಿ ಸಾಮಾನ್ಯ. ವೇಗ ಇಳಿಸುವ ಸೌಲಭ್ಯ ಬೇಕೇ ಎಂದರೆ ಬೇಕು. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಒಂದೇ ವೇಗದ ಇಂಡಕ್ಷನ್ ಮೋಟಾರು ಸುಮಾರು 1440ರಲ್ಲಿ ಓಡುತ್ತದೆ; ಬೀಟೆಯಂಥ ಗಟ್ಟಿ ಮರ ಆ ವೇಗಕ್ಕೆ ಕಪ್ಪಾಗುತ್ತದೆ, ಕಲಿಯುವವರ ಕೈಗೂ ಅದು ಜಾಸ್ತಿ. 700-800ರಲ್ಲಿ ಶುರು ಮಾಡಿ.

ಇದರಲ್ಲಿ ‘ಅಂಗಳ’ ಚೆನ್ನಾಗಿ ಬಂತು: ಸೊನ್ನೆಯ ಕಣ್ಣು ಕೈ ಗರಗಸದಷ್ಟೇ ನವುರು, ಅಂಚು ಮೇಲೆ ಕೆಳಗೆ ಒಂದೇ ಅಳತೆ, ಸಮಯ ಎರಡನೆಯ ಯಂತ್ರದಷ್ಟು. 3 ಮಿ.ಮೀ. ಹಲಗೆ ಎರಡನ್ನು ಟೇಪ್ ಸುತ್ತಿ ಒಟ್ಟಿಗೆ ಕೊಯ್ದರೆ ಎರಡು ಫಲಕ ಒಮ್ಮೆಗೇ ಸಿಗುತ್ತವೆ. ಆದರೆ ಬೆಲೆ ಹತ್ತು ಸಾವಿರದಾಚೆ, ಮತ್ತು ಇದು ಹೊಂದಿಸಿಕೊಂಡವರಿಗಷ್ಟೇ ಒಲಿಯುವ ಯಂತ್ರ.

ಹೊಂದಿಸುವುದು ಎಂದರೆ ಮೂರು ವಿಷಯ. ಮೊದಲನೆಯದು ಯಂತ್ರದ ಮೇಜು ಬ್ಲೇಡಿಗೆ ಲಂಬವಾಗಿರುವುದು. ಯಂತ್ರದ ಮೇಲಿನ ಕೋನದ ಗೆರೆಯನ್ನು ನಂಬಬೇಡಿ. 40 ಮಿ.ಮೀ. ದಪ್ಪದ ಮರದ ತುಂಡಿಗೆ ಬ್ಲೇಡಿನಿಂದ ಒಂದೆರಡು ಮಿ.ಮೀ. ಆಳದ ಗೀರು ಕೊಡಿ. ಯಂತ್ರ ನಿಲ್ಲಿಸಿ, ಅದೇ ತುಂಡನ್ನು ಮೇಜಿನ ಮೇಲೇ ಜಾರಿಸಿ ಬ್ಲೇಡಿನ ಹಿಂಭಾಗಕ್ಕೆ ತನ್ನಿ, ಗೀರು ಬ್ಲೇಡಿನ ಕಡೆ ಬರುವಂತೆ ತಿರುಗಿಸಿ. ಬ್ಲೇಡಿನ ಬೆನ್ನು ಗೀರಿನೊಳಗೆ ಮೇಲಿಂದ ಕೆಳತನಕ ಸಲೀಸಾಗಿ ಕೂತರೆ ಮೇಜು ಸರಿ. ಮೇಲೆ ಕೂತು ಕೆಳಗೆ ತಪ್ಪಿದರೆ ಮೇಜು ವಾಲಿದೆ. ತಪ್ಪಿದ್ದರ ಅರ್ಧದಷ್ಟು ತಿರುಗಿಸಿ ಮತ್ತೆ ನೋಡಿ.

ಎರಡನೆಯದು ಬಿಗಿತ. ಬೆರಳಿನಿಂದ ತಂಬೂರಿ ತಂತಿ ಮೀಟುವ ಹಾಗೆ ಮೀಟಿದರೆ ಸ್ಪಷ್ಟ ಸ್ವರ ಬರಬೇಕು, ಪಕ್ಕಕ್ಕೆ ಒತ್ತಿದರೆ 3 ಮಿ.ಮೀ. ಮೀರಿ ಬಾಗಬಾರದು. ಸಡಿಲವಿದ್ದರೆ ಗೆರೆ ಅಲೆಯುತ್ತದೆ ಮತ್ತು ದಪ್ಪ ಮರದಲ್ಲಿ ಹೊಟ್ಟೆ ಉಬ್ಬಿದಂತೆ ಕೊಯ್ಯುತ್ತದೆ. ಮೂರನೆಯದು ಹಿಡಿತ. ಸಪಾಟು ಬ್ಲೇಡು ಪದೇ ಪದೇ ಜಾರಿದರೆ ಕಾರಣ ಎಣ್ಣೆ: ತುಕ್ಕು ಹಿಡಿಯದಿರಲಿ ಅಂತ ಹೊಸ ಬ್ಲೇಡಿಗೆ ಸವರಿರುತ್ತಾರೆ. ಎರಡು ತುದಿಗೂ ಉಪ್ಪು ಕಾಗದ ಒಮ್ಮೆ ಎಳೆದು ಹಾಕಿ. ಆದರೂ ಜಾರಿದರೆ ತಿರುಪಿನ ತುದಿ ನುಣುಪಾಗಿದೆ, ಅದನ್ನೂ ತಿಕ್ಕಿ.

ಇಷ್ಟಾದರೂ ಕೊಯ್ತ ಬಲಕ್ಕೆ ಎಳೆಯುತ್ತದೆ ಎಂದು ಹೊಸಬರು ದೂರುತ್ತಾರೆ. ದೋಷ ಯಂತ್ರದ್ದಲ್ಲ. ಹಲ್ಲು ಕಡಿಯುವಾಗ ಬ್ಲೇಡಿನ ಒಂದು ಬದಿಗೆ ಸಣ್ಣ ಮುಳ್ಳಂಚು ಉಳಿಯುತ್ತದೆ, ಆ ಬದಿಗೆ ಕೊಯ್ತ ಹೆಚ್ಚು. ಮರವನ್ನು ನೇರ ನೂಕುವ ಬದಲು ಕೆಲವು ಡಿಗ್ರಿ ಓರೆಯಾಗಿ ಹಿಡಿದು ಗೆರೆಯ ಮೇಲೆ ನಿಲ್ಲುವ ಕೋನ ಹುಡುಕಿಕೊಳ್ಳಬೇಕು. ಪಕ್ಕಕ್ಕೆ ಒತ್ತಿ ಸರಿಪಡಿಸಲು ಹೋದರೆ ಅಂಚು ವಾಲುತ್ತದೆ, ಬ್ಲೇಡು ತುಂಡಾಗುತ್ತದೆ. ಚೂಪು ಮೂಲೆಯಲ್ಲಿ ಮುಂದೆ ನೂಕುವುದನ್ನು ನಿಲ್ಲಿಸಿ, ಬ್ಲೇಡು ಓಡುತ್ತಿರುವಾಗಲೇ ಮರವನ್ನು ಅದರ ಬೆನ್ನಿನ ಸುತ್ತ ತಿರುಗಿಸಿ.

ಅಮೆರಿಕದಿಂದ ಬರುವವರ ಕೈಯಲ್ಲಿ ಡಿವಾಲ್ಟ್ ಡಿಡಬ್ಲ್ಯೂ788 ತರಿಸುವ ಯೋಚನೆ ಕೆಲವರಿಗೆ ಬರುತ್ತದೆ. 20 ಇಂಚಿನ ಒಳ್ಳೆಯ ಯಂತ್ರವೇ ಹೌದು. ತೂಕ ಸುಮಾರು 25 ಕಿಲೋ, ಅಂದರೆ 23 ಕಿಲೋ ಚೀಲದ ಮಿತಿಗಿಂತ ಹೆಚ್ಚು. ಅದು 120 ವೋಲ್ಟಿನದು, ಇಲ್ಲಿ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಚುಚ್ಚಿದರೆ ಕಥೆ ಮುಗಿಯಿತು. ಮೊದಲ ಯಂತ್ರಕ್ಕೆ ಇಷ್ಟು ಸಾಹಸ ಬೇಡ.

ಹಾಗಾದರೆ ಯಾವುದು? ಹತ್ತು ಸಾವಿರದ ಕೆಳಗೆ ನಿಮ್ಮ ಮಿತಿ ಇದ್ದರೆ ಪಿನ್ ಯಂತ್ರದ ಬದಲು ಕೈ ಫ್ರೆಟ್ ಸಾ, ಒಂದು ಸಣ್ಣ ಡ್ರಿಲ್, ಒಳ್ಳೆಯ ಬ್ಲೇಡು ಕೊಳ್ಳಿ. ಮುಂದೆ ಯಂತ್ರ ಬಂದಾಗ ಆ ಬ್ಲೇಡುಗಳು ಅದಕ್ಕೇ ಹೋಗುತ್ತವೆ, ಗೆರೆ ಹಿಡಿಯುವ ಕಣ್ಣೂ ಅಷ್ಟರಲ್ಲಿ ಪಳಗಿರುತ್ತದೆ. ಹಣವಿದ್ದರೆ ನೇರ ಮೂರನೆಯದಕ್ಕೆ ಹೋಗಿ. ಫ್ಲ್ಯಾಟಿನಲ್ಲಿ ಇರುವವರಿಗೆ ಇನ್ನೊಂದು ಲೆಕ್ಕ: ಯಂತ್ರದ ಅದುರು ಮೇಜಿನ ಕಾಲಿನಿಂದ ಕೆಳಮನೆಗೆ ಇಳಿಯುತ್ತದೆ. ಭಾರದ ಮೇಜಿಗೆ ಬೋಲ್ಟ್ ಮಾಡಿ ಕಾಲಿನಡಿ ರಬ್ಬರ್ ಇಟ್ಟರೆ ಬಹಳ ಇಳಿಯುತ್ತದೆ. ಕೈ ಗರಗಸಕ್ಕೆ ಈ ಪಂಚಾಯಿತಿ ಇಲ್ಲ.

ಬ್ಲೇಡಿನಲ್ಲಿ ಉಳಿತಾಯ ಮಾಡಬೇಡಿ. 6 ಮಿ.ಮೀ. ಪ್ಲೈಗೆ 3ನೇ ನಂಬರು, 10ರಿಂದ 18 ಮಿ.ಮೀ. ಮರಕ್ಕೆ 5ನೇ ನಂಬರು (ನಂಬರು ಹೆಚ್ಚಿದಷ್ಟೂ ಬ್ಲೇಡು ದೊಡ್ಡದು), ಎರಡೂ ಡಜನ್ ಲೆಕ್ಕದಲ್ಲಿ. ಯಂತ್ರಕ್ಕೆ ರಿವರ್ಸ್ ಟೀತ್ ಇರುವುದೇ ಇರಲಿ. ಕೆಳತುದಿಯ ಕೆಲವು ಹಲ್ಲು ಮೇಲ್ಮುಖವಾಗಿರುವುದರಿಂದ ಹಲಗೆಯ ಅಡಿಪದರ ಸಿಗಿಯುವುದಿಲ್ಲ. ಸುತ್ತಲೂ ಹಲ್ಲಿರುವ ಸ್ಪೈರಲ್ ಬ್ಲೇಡು ಸುಲಭ ಅನ್ನಿಸುತ್ತದೆ, ಗೆರೆ ಹಿಡಿಯುವುದು ಮಾತ್ರ ಅದರಲ್ಲೇ ಕಷ್ಟ, ಈಗಲೇ ಬೇಡ. ಪ್ಲೈನಲ್ಲಿ ಒಂದು ಬ್ಲೇಡು ಇಪ್ಪತ್ತು ಮೂವತ್ತು ನಿಮಿಷ ಬಾಳುತ್ತದೆ. ನೂಕುವ ಒತ್ತಡ ಹೆಚ್ಚಾಗುತ್ತಿದೆ ಅನ್ನಿಸಿದ ಕೂಡಲೇ ಬದಲಿಸಿ, ಮುರಿಯುವ ತನಕ ಕಾಯಬೇಡಿ.

ಮರದ ವಿಷಯದಲ್ಲಿ ಒಂದು ಮಾತು. ಐಎಸ್ 710 ಗುರುತಿನ, ನೀರಿಗೆ ಜಗ್ಗದ ಮೆರೈನ್ ಪ್ಲೈ ದುಬಾರಿಯಾದ್ದರಿಂದ ಒಳ್ಳೆಯದಿರಬೇಕು ಎಂದು ಕೊಂಡವರು ಬ್ಲೇಡಿಗೆ ಹಣ ಸುರಿಯುತ್ತಾರೆ. ಅದರ ಪದರಗಳನ್ನು ಹಿಡಿದಿಡುವ ಗಟ್ಟಿ ಫೀನಾಲಿಕ್ ಅಂಟು ಬ್ಲೇಡಿನ ಹಲ್ಲು ತಿನ್ನುತ್ತದೆ. ಒಳಾಂಗಣದ ಫಲಕಕ್ಕೆ ಬರ್ಚ್ ಪ್ಲೈ ಅಥವಾ ಪದರಗಳ ನಡುವೆ ಪೊಳ್ಳಿಲ್ಲದ ಸಾದಾ ಪ್ಲೈ ಸಾಕು. ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಕಪ್ಪು ಸಂದು ಕಂಡರೆ ಆ ಹಾಳೆ ಬಿಡಿ, ‘ಳ’ದ ಕುತ್ತಿಗೆ ಮುರಿಯುವುದು ಅಂಥ ಕಡೆಯೇ. ಸಾಗುವಾನಿ, ಬೀಟೆ ಕೊಯ್ಯುವಾಗ ಗೆರೆಯ ಮೇಲೆ ಪಾರದರ್ಶಕ ಪ್ಯಾಕಿಂಗ್ ಟೇಪ್ ಹಚ್ಚಿದರೆ ಅಂಚು ಸುಡುವುದು ಗಣನೀಯವಾಗಿ ತಗ್ಗುತ್ತದೆ. ಬೀಟೆಯ ಪುಡಿಗೆ ಹಲವರಿಗೆ ಚರ್ಮ ಕೆರೆಯುತ್ತದೆ, ಎಂಡಿಎಫ್ (ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ) ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಎರಡಕ್ಕೂ ಎನ್95 ಮಾಸ್ಕ್ ಹಾಕಿಕೊಂಡೇ ಕೂರಿ.