ರೀಮ್ಯಾಪ್ ಅಂತ ಹೇಳಿ ಬಾಕ್ಸ್ ಸಿಗಿಸಿ ಕಳಿಸ್ತಾರೆ, ಡೀಸೆಲ್ ಕಾರ್ ಇರೋರು ಹುಷಾರು

ಡೀಸೆಲ್ ಕಾರಿಗೆ ಸ್ಟೇಜ್ 1 (ಪವರ್ ಏರಿಸೋ ಟ್ಯೂನಿಂಗಿನ ಮೊದಲ ಹಂತ) ಮಾಡಿಸ್ಬೇಕು ಅಂತಿರೋರು ದುಡ್ಡು ಕೊಡೋಕೆ ಮುಂಚೆ ಇದನ್ನ ಓದ್ಬಿಡಿ. ನಾನು ಕೇಳಿದ್ದು ರೀಮ್ಯಾಪ್. ಅಂದ್ರೆ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಒಳಗಿನ ಫೈಲ್ ಓದಿ, ಗಾಡಿಗೆ ತಕ್ಕ ಹಾಗೆ ತಿದ್ದಿ, ವಾಪಸ್ ಬರೆಯೋ ಕೆಲ್ಸ. ಟ್ಯೂನಿಂಗ್ ಮಾಡೋನೂ ಅದನ್ನೇ ಮಾಡ್ತೀನಿ ಅಂದ. ಗಾಡಿ ಚೆಕ್ ಮಾಡೋಕೆ ಇರೋ ಓಬಿಡಿ ಪೋರ್ಟಿಗೆ ಕೇಬಲ್ ಚುಚ್ಚಿ, ಲ್ಯಾಪ್‌ಟಾಪಲ್ಲಿ ಏನೇನೋ ಗ್ರಾಫ್ ಓಡಿಸಿ, "ಸಾರ್ ರೈಟ್ ಆಗ್ತಿದೆ, ಹತ್ರ ಬರ್ಬೇಡಿ" ಅಂತ ನನ್ನನ್ನ ಹೊರಗೆ ನಿಲ್ಲಿಸಿದ.

ಪಿಕಪ್ ಬಂತು, ಸುಳ್ಳು ಹೇಳಲ್ಲ. ಡ್ಯಾಶಲ್ಲಿ ಮೈಲೇಜೂ ಜಾಸ್ತಿ ತೋರಿಸ್ತು, ಅದರ ಫೋಟೋ ತೆಗ್ದು ಫ್ರೆಂಡ್ಸಿಗೆಲ್ಲ ಕಳಿಸಿದ್ದೆ ಬೇರೆ, ಈಗ ನೆನೆಸ್ಕೊಂಡ್ರೆ ಮೈ ಉರಿಯುತ್ತೆ. ಯಾಕಂದ್ರೆ ಫುಲ್ ಟ್ಯಾಂಕ್ ಟು ಫುಲ್ ಟ್ಯಾಂಕ್ ಲೆಕ್ಕ ಹಾಕಿದ್ರೆ ಗಾಡಿ ಮೊದಲಿಗಿಂತ ಜಾಸ್ತಿ ಕುಡೀತಿದೆ! ಫೋನ್ ಮಾಡಿದ್ರೆ "ಸಾರ್ ಹೊಸ ಪವರ್ ಖುಷೀಲಿ ಜಾಸ್ತಿ ತುಳೀತಿದೀರಿ". ಏರು ಹತ್ತುವಾಗ ಕರ್ರಗೆ ಹೊಗೆ ಬಿಡ್ತಿದೆ ಅಂದ್ರೆ "ಡೀಸೆಲ್ ಅಂದ್ಮೇಲೆ ಹೊಗೆ ಇರುತ್ತೆ ಸಾರ್, ಅದೇ ಪವರ್". ಆಮೇಲೆ ಒಂದಿನ ಲಾರಿ ಓವರ್‌ಟೇಕ್ ಮಾಡ್ತಾ ಅರ್ಧದಲ್ಲಿ ಚೆಕ್ ಇಂಜಿನ್ ಲೈಟ್ ಹತ್ತಿ ಗಾಡಿ ಲಿಂಪ್ ಮೋಡಿಗೆ (ಇಂಜಿನ್ ಕಾಪಾಡೋಕೆ ಪವರ್ ತಾನೇ ಕಮ್ಮಿ ಮಾಡ್ಕೊಳ್ಳೋದು) ಹೋಯ್ತು, ತುಳಿದ್ರೂ ಏಳ್ತಿಲ್ಲ, ಎದುರಿಂದ ಗಾಡಿ ಬರ್ತಿದೆ. ಅದಕ್ಕೆ ಬಂದ ಉತ್ತರ "ಡೀಸೆಲ್ ಎಲ್ಲಿ ಹಾಕ್ಸಿದ್ರಿ ಸಾರ್?"

ಬೇರೆ ಮೆಕ್ಯಾನಿಕ್ ಇಂಜಿನ್ ಕವರ್ ತೆಗ್ದು ನಕ್ಕಿದ್ದು ಇನ್ನೂ ಕಣ್ಮುಂದೆ ಇದೆ. ಕಾಮನ್ ರೈಲಿನ (ಇಂಜೆಕ್ಟರ್‌ಗಳಿಗೆ ಪ್ರೆಶರಲ್ಲಿ ಡೀಸೆಲ್ ಕೊಡೋ ಪೈಪು) ಪ್ರೆಶರ್ ಸೆನ್ಸರ್ ಕನೆಕ್ಟರ್ ಮಧ್ಯೆ ಒಂದು ಪುಟ್ಟ ಕರೀ ಬಾಕ್ಸ್, ಕೇಬಲ್ ಟೈ ಹಾಕಿ ಕಟ್ಟಿದಾನೆ! ಇಸಿಯು ಚೆಕ್ ಮಾಡಿದ್ರೆ ಕಂಪನಿ ಫೈಲ್ ಹಾಗೇ ಇದೆ. ಅಕ್ಷರ ಕೂಡ ಮುಟ್ಟಿಲ್ಲ. ಲ್ಯಾಪ್‌ಟಾಪ್, ಗ್ರಾಫ್, "ರೈಟ್ ಆಗ್ತಿದೆ" ಎಲ್ಲ ಬರೀ ನಾಟಕ.

ಈ ಬಾಕ್ಸ್ ಮಾಡೋದು ಇಷ್ಟೇ, ರೈಲ್ ಪ್ರೆಶರ್ ಕಮ್ಮಿ ಇದೆ ಅಂತ ಇಸಿಯುಗೆ ಸುಳ್ಳು ಹೇಳುತ್ತೆ, ಇಸಿಯು ನಂಬಿ ಪ್ರೆಶರ್ ಏರ್ಸುತ್ತೆ, ಇಂಜೆಕ್ಟರ್ ಮೊದಲಿನಷ್ಟೇ ಹೊತ್ತು ತೆರೆದಿದ್ರೂ ಜಾಸ್ತಿ ಡೀಸೆಲ್ ಬೀಳುತ್ತೆ. ಆದ್ರೆ ಇಸಿಯು ಮೈಲೇಜ್ ಲೆಕ್ಕ ಹಾಕೋದು ತಾನು ಎಷ್ಟು ಡೀಸೆಲ್ ಬಿಟ್ಟೆ ಅಂದ್ಕೊಂಡಿದೆಯೋ ಅದರ ಮೇಲೆ. ಹಂಗಾಗಿ ಹೆಚ್ಚುವರಿ ಡೀಸೆಲ್ ಲೆಕ್ಕಕ್ಕೇ ಬರಲ್ಲ. ನನಗೂ ಟೋಪಿ, ಇಸಿಯುಗೂ ಟೋಪಿ. ಡೀಸೆಲಿಗೆ ತಕ್ಕಷ್ಟು ಗಾಳಿ ಸಿಗದೆ ಹೋದ್ರೆ ಸುಡದೇ ಉಳಿದಿದ್ದು ಮಸಿ, ಅದೇ ಆ ಕರೀ ಹೊಗೆ. ಡಿಪಿಎಫ್ (ಹೊಗೆಯಲ್ಲಿರೋ ಮಸಿ ಹಿಡಿಯೋ ಫಿಲ್ಟರ್) ಇರೋ ಗಾಡೀಲಿ ಹೊಗೆನೂ ಕಾಣಲ್ಲ, ಫಿಲ್ಟರ್ ಒಳಗೇ ತುಂಬ್ಕೊಳ್ಳುತ್ತೆ, ಗೊತ್ತಾಗೋದು ಲೈಟ್ ಹತ್ತಿದ್ಮೇಲೆ.

ಟ್ಯೂನಿಂಗ್ ಮಾಡಿದೋನಿಗೆ ಬಾಕ್ಸ್ ಫೋಟೋ ಕಳಿಸಿದೆ. "ಸಾರ್ ಸ್ಟೇಜ್ 1 ಅಂದ್ರೆ ಇದೇ." ರೀಮ್ಯಾಪ್ ಅಂತ ನೀನೇ ಬರ್ದಿರೋ ಮೆಸೇಜ್ ಇದ್ಯಲ್ಲ ಅಂದೆ. ನೋಡ್ಬಿಟ್ಟು ಸುಮ್ನಾದ. ರಾತ್ರಿ ಮತ್ತೆ ಮೆಸೇಜು: "ಬಾಕ್ಸ್ ತಂದ್ಕೊಡಿ, ಡ್ಯಾಮೇಜ್ ಆಗಿಲ್ಲ ಅಂದ್ರೆ ನೋಡೋಣ." ಡ್ಯಾಮೇಜು ಬಾಕ್ಸಿಗಂತೆ! ಇಲ್ಲಿ ಟಾಪ್ ಗೇರಲ್ಲಿ ಕ್ಲಚ್ ಸ್ಲಿಪ್ ಆಗ್ತಿದೆ, ಅದನ್ನ ಯಾರಪ್ಪ ನೋಡ್ತಾರೆ?

ಮಾಡಿಸೋದೇ ಆದ್ರೆ ನಿಮ್ಮದೇ ಗಾಡೀನ ಮುಂಚೆ ಆಮೇಲೆ ಎರಡೂ ಸಲ ಡೈನೋ (ಪವರ್ ಅಳೆಯೋ ಮಷೀನ್) ಮೇಲೆ ಹತ್ತಿಸಿ, ಒರಿಜಿನಲ್ ಫೈಲ್ ಪೆನ್‌ಡ್ರೈವಲ್ಲಿ ಇಸ್ಕೊಳ್ಳಿ, ಮೈಲೇಜ್ ಬಂಕಲ್ಲೇ ಲೆಕ್ಕ ಹಾಕಿ. "ಹೊರಗೆ ನಿಂತ್ಕೊಳ್ಳಿ ಸಾರ್" ಅಂದ್ರೆ ಕೀ ಇಸ್ಕೊಂಡು ಬಂದ್ಬಿಡಿ.